ಸಾಲಿನಲ್ಲಿ ನಿಂತ ವಾಕ್ಯಗಳು

ಸುಳ್ಳು ಹೇಳಬೇಕೆಂದು ವೇದಾ ಮನೆಯಿಂದ ಹೊರಟಿರಲಿಲ್ಲ. ಕನ್ನಡ ಕಲಿಯಬೇಕೆಂದು ಹೊರಟಿದ್ದಳು.

ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿ, ಒಂದು ಪಾತ್ರೆ ಅಂಗಡಿಯ ಮಹಡಿ ಮೇಲೆ ಕನ್ನಡ ಸಂಘದ ಕೋಣೆ ಇತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಪಾಠ. ಶಾಲೆಯಲ್ಲಿ ಕನ್ನಡ ಓದದೆ ಸರ್ಕಾರಿ ಕೆಲಸಕ್ಕೆ ಸೇರಿದವರು ಕನ್ನಡ ಪರೀಕ್ಷೆ ಪಾಸು ಮಾಡಲೇಬೇಕು, ಇಲ್ಲದಿದ್ದರೆ ಕೆಲಸ ಖಾಯಂ ಆಗುವುದಿಲ್ಲ. ವೇದಾ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಹೊಸದಾಗಿ ಸೇರಿದ ಲೆಕ್ಚರರ್. ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದಳು. ಬೆನ್ಸನ್ ಟೌನಿನ ಕಾನ್ವೆಂಟಿನಲ್ಲಿ ಇಂಗ್ಲಿಷ್, ಹಿಂದಿ ಓದಿದವಳು. ಮನೆಯಲ್ಲಿ ಅಪ್ಪ ಯಜ್ಞನಾರಾಯಣ, ಅಮ್ಮ ಸುಭದ್ರಮ್ಮ ಇಬ್ಬರೂ ಅಚ್ಚ ಕನ್ನಡದವರು. ಹುಟ್ಟಿದಾಗಿನಿಂದ ಕನ್ನಡದಲ್ಲೇ ಜಗಳವಾಡಿ, ಕನ್ನಡದಲ್ಲೇ ಅತ್ತು ಬೆಳೆದಿದ್ದಳು. ಆದರೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಬಸ್ಸು ಹತ್ತುತ್ತಿದ್ದದ್ದು ನಂಬರು ನೋಡಿ.

ಇದನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದು ಸಾಕು, ಈ ಕೋಣೆಯಲ್ಲಾದರೂ ಬಾಯಿಬಿಟ್ಟು ಹೇಳಿ ಕಲಿಯೋಣ ಎಂದು ಬಂದಿದ್ದಳು.

ಪಾಠ ಹೇಳುವವನು ಆನಂದ್. ಗರುಡಾಚಾರ್‌ಪಾಳ್ಯದವನು. ಕೆ.ಆರ್.ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಭಾನುವಾರದ ಈ ಪಾಠ ಅವನ ಸ್ವಂತ ಹುಚ್ಚು. ಕಪ್ಪಗೆ, ಗಟ್ಟಿಮುಟ್ಟಾಗಿದ್ದ, ಮೀಸೆಗಿಂತ ಹುಬ್ಬು ದಪ್ಪ. ಕೋಪ ಬಂದರೆ ಮೊದಲು ಹುಬ್ಬು ಮೇಲೇಳುತ್ತಿತ್ತು, ಆಮೇಲೆ ದನಿ.

"ಒಬ್ಬೊಬ್ಬರಾಗಿ ಹೇಳಿ. ಹೆಸರು, ಕೆಲಸ, ಮನೇಲಿ ಯಾವ ಭಾಷೆ."

ಜಹನಾರಾ ಮೊದಲು ಎದ್ದಳು. ಶಿವಾಜಿನಗರದವಳು, ಸರ್ಕಾರಿ ಆಸ್ಪತ್ರೆಯ ನರ್ಸು. "ಮನೇಲಿ ಉರ್ದು ಸಾರ್. ಪೇಷಂಟ್ ಜೊತೆ ಕನ್ನಡ ಮಾತಾಡ್ತೀನಿ, ಬರ್ಯಕ್ಕೆ ಮಾತ್ರ ಬರಲ್ಲ."

"ಸಂತೋಷ. ಕೂತ್ಕೊಳ್ಳಿ."

ಅವಳ ಪಕ್ಕದಲ್ಲಿ ಇಂದಿರಾನಗರದ ವಿಕ್ರಮ್. ಮೂಡಿದ ಮೀಸೆಗೂ ನಾಚುವಂಥ ಹುಡುಗ. "ಮನೇಲಿ ಕನ್ನಡವೇ ಸರ್. ಸ್ಕೂಲಲ್ಲಿ ಹಿಂದಿ ತಗೊಂಡಿದ್ದೆ, ಅದಕ್ಕೆ..."

ಹುಬ್ಬು ಮೇಲೆದ್ದಿತು.

"ಅಂದ್ರೆ ಅಮ್ಮ ಅನ್ನ ಹಾಕ್ತೀನಿ ಬಾ ಅಂತ ಕರೆಯೋ ಭಾಷೇಲಿ ನಿಮಗೆ 'ಅನ್ನ' ಅಂತ ಬರೆಯಕ್ಕೆ ಬರಲ್ಲ. ಬೇರೆ ಭಾಷೆಯವರು ಕಲೀತಾರೆ, ಅವರಿಗೆ ನಾನು ಕೈ ಹಿಡಿದು ತಿದ್ದಿಸ್ತೀನಿ. ಕನ್ನಡದವರಾಗಿ ಕನ್ನಡ ಬರದೆ ಇರೋರಿಗೆ ಕಲಿಸೋಕೆ ನನ್ನ ಕೈಲಿ ಆಗಲ್ಲ. ನಾಚಿಕೆ ಅನ್ನೋದು ಇರಬೇಕು ಕಣ್ರೀ. ಎದ್ದು ಹೋಗಿ."

ವಿಕ್ರಮ್ ನಕ್ಕ, ತಮಾಷೆ ಎಂದುಕೊಂಡು. ಆನಂದ್ ಬಾಗಿಲ ಕಡೆ ಕೈ ತೋರಿಸಿದ. ಹುಡುಗ ಬ್ಯಾಗು ಎತ್ತಿಕೊಂಡು ಹೋದ. ಮೆಟ್ಟಿಲಿಳಿಯುವ ಅವನ ಚಪ್ಪಲಿ ಸದ್ದು ಕೊನೆಯವರೆಗೂ ಕೇಳಿಸಿತು.

"ನೀವು?"

ಈಗ ವೇದಾಳ ಸರದಿ.

ಬಾಯಿ ತಾನಾಗಿ ತೆರೆದುಕೊಂಡಿತು. "ನಾನು ವೇದಾ. ಮನೇಲಿ... ತಮಿಳು. ಕನ್ನಡ ಸ್ವಲ್ಪ ಸ್ವಲ್ಪ ಬರ್ತದೆ."

ಆನಂದನ ಹುಬ್ಬು ಇಳಿಯಿತು. ಮುಖದಲ್ಲಿ ಒಂದು ನಗು ಕಾಣಿಸಿತು. ಅವಳು ಆ ನಗುವನ್ನು ನಿರೀಕ್ಷಿಸಿರಲಿಲ್ಲ.

"ಪರವಾಗಿಲ್ಲ. ಸ್ವಲ್ಪ ಸ್ವಲ್ಪಾನೇ ಪೂರ್ತಿ ಆಗ್ತದೆ. ನಾನಿದೀನಿ."

ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದಳು.

*

ಅವನ ಪಾಠದ ರೀತಿಯೇ ಬೇರೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಣ್ಣ ಕತೆ ಬರೆದು, ಒಂದೊಂದು ವಾಕ್ಯವನ್ನೂ ಬೇರೆ ಬೇರೆ ಪಟ್ಟಿಯಾಗಿ ಕತ್ತರಿಸಿ ತರುತ್ತಿದ್ದ. ಪಟ್ಟಿಗಳನ್ನು ಕಲೆಸಿ ಹಂಚುತ್ತಿದ್ದ. ಪಟ್ಟಿ ಸಿಕ್ಕವರು ಅದನ್ನು ಎದೆಗೆ ಹಿಡಿದು ಮುಂದೆ ಬಂದು, ಗಟ್ಟಿಯಾಗಿ ಓದಿ, ಕತೆಯಲ್ಲಿ ತಮ್ಮ ಜಾಗ ಎಲ್ಲಿದೆಯೋ ಅಲ್ಲಿ ಸಾಲಾಗಿ ನಿಲ್ಲಬೇಕು. ಪರೀಕ್ಷೆಯಲ್ಲಿ ಹೀಗೇ ಒಂದು ಪ್ರಶ್ನೆ ಬರುತ್ತಿತ್ತು, ಹಿಂದುಮುಂದಾದ ವಾಕ್ಯಗಳನ್ನು ಸರಿಯಾಗಿ ಜೋಡಿಸಿ ಎಂದು. ಎಲ್ಲರೂ ಮಣ್ಣು ಮುಕ್ಕುತ್ತಿದ್ದದ್ದು ಅಲ್ಲೇ.

ಮೊದಲ ಸಲ ಜಹನಾರಾ ಒಂದನೆಯ ಜಾಗದಲ್ಲಿ ನಿಂತು, "ಕೊನೆಗೆ ಅವನು ನಡೆದೇ ಹೊರಟ" ಎಂದು ಓದಿದಳು.

"ಯಾವನು?" ಎಂದ ಆನಂದ್.

"ಅವನು ಸಾರ್."

"ಅವನು ಅಂದ್ರೆ ಯಾವನ್ರೀ? ಕೊನೆಗೆ ಅಂತ ಬೇರೆ ಇದೆ. ಕತೆ ಶುರುವಾಗೋಕೆ ಮುಂಚೇನೇ ಹೊರಟುಬಿಟ್ನಾ?"

"ಅವಸರದಲ್ಲಿ ಇದ್ದ ಅನ್ಸುತ್ತೆ ಸಾರ್."

ಎಲ್ಲರೂ ನಕ್ಕರು. ವೇದಾಳ ಕೈಯಲ್ಲಿದ್ದ ಪಟ್ಟಿಯ ಅಕ್ಷರಗಳು ಅವಳಿಗೆ ಇರುವೆ ಸಾಲಿನಂತೆ ಕಾಣುತ್ತಿದ್ದವು. ಆನಂದ್ ಹತ್ತಿರ ಬಂದು ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿಸಿದ. ಮು, ನಿ, ಶಾ, ಮಿ. 'ಮುನಿಶಾಮಿ ಬೆಳಿಗ್ಗೆ ಬೇಗ ಎದ್ದು ಬಸ್ ನಿಲ್ದಾಣಕ್ಕೆ ಬಂದ.' ಓದಿ ಮುಗಿಸುವ ಹೊತ್ತಿಗೆ ಅವಳ ಕುತ್ತಿಗೆಯೆಲ್ಲ ಬೆವತಿತ್ತು. ಉಳಿದವರು ಒಬ್ಬೊಬ್ಬರಾಗಿ ಓದಿದರು. 'ಬಸ್ಸು ಬರಲೇ ಇಲ್ಲ.' 'ಅರ್ಧ ದಾರಿಯಲ್ಲಿ ಹಿಂತಿರುಗಿ ನೋಡಿದರೆ ಬಸ್ಸು ಬರುತ್ತಿತ್ತು.' 'ಕೈ ಮಾಡಿದ, ನಿಲ್ಲಲಿಲ್ಲ.'

ಕಿವಿಗೆ ಬಿದ್ದ ಕೂಡಲೇ ಕತೆ ಅವಳ ತಲೆಯಲ್ಲಿ ಸಾಲಾಗಿ ನಿಂತಿತು. ಎದ್ದು, ಜಹನಾರಾಳನ್ನು ಭುಜ ಹಿಡಿದು ಮಧ್ಯಕ್ಕೆ ಸರಿಸಿ, ತಾನು ಮೊದಲು ನಿಂತು, ಉಳಿದವರನ್ನು ಕಣ್ಣಲ್ಲೇ ಅಲ್ಲಿ ಇಲ್ಲಿ ಕಳಿಸಿದಳು.

ಆನಂದ್ ತೋಳು ಕಟ್ಟಿಕೊಂಡು ನೋಡುತ್ತ ನಿಂತ. "ಓದೋದಕ್ಕೆ ಇಷ್ಟು ಕಷ್ಟಪಟ್ರಿ. ಜೋಡಿಸೋದು ಹೇಗೆ ಬಂತು?"

"ಗೊತ್ತಿಲ್ಲ. ಸುಮ್ನೆ... ಹಾಗೆ ಅನ್ಸಿದೆ."

"ಕಿವಿ ಇದೆ ನಿಮಗೆ. ಭಾಷೆ ಕಿವೀಲಿರೋದು." ಕ್ಲಾಸಿನ ಕಡೆ ತಿರುಗಿ ಹೇಳಿದ: "ನೋಡಿ, ಹೊರಗಿನವರು. ಹೇಗೆ ಮನಸ್ಸಿಟ್ಟಿದಾರೆ ನೋಡಿ."

ಹೊಗಳಿಕೆ ಕೇಳಿ ಅವಳ ಕಿವಿ ಕೆಂಪಾಯಿತು. ಅವನು ಅದನ್ನು ಸಂಕೋಚ ಎಂದುಕೊಂಡ. ಚೆನ್ನಾಗಿ ಕಾಣುತ್ತಾಳೆ ಎಂದೂ ಅಂದುಕೊಂಡಿರಬೇಕು, ಏಕೆಂದರೆ ತಟ್ಟನೆ ಬೇರೆ ಕಡೆ ನೋಡಿದ.

*

ಎರಡನೆಯ ಭಾನುವಾರ ನಿಜ ಹೇಳಿಬಿಡಬೇಕೆಂದು ಹೋದಳು. ಅವನು ಅವಳಿಗಾಗಿಯೇ ದೊಡ್ಡ ಅಕ್ಷರದಲ್ಲಿ, ಪ್ರತಿ ಪದಕ್ಕೂ ಅಂತರ ಬಿಟ್ಟು ಬೇರೆ ಪಟ್ಟಿ ಬರೆದು ತಂದಿದ್ದ. ಹೇಳಲು ಬಾಯಿ ಬರಲಿಲ್ಲ. ಮೂರನೆಯ ವಾರವೂ ಹೇಳಲಿಲ್ಲ. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಸುಳ್ಳಿನ ಕತೆಯೇ ಅಷ್ಟು. ಮೊದಲ ದಿನ ಒಂದು ಮಾತು. ಆಮೇಲೆ ದಿನದಿನವೂ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕು.

ಪಾಠ ಮುಗಿದ ಮೇಲೆ ಇಬ್ಬರೂ ಹಲಸೂರು ಕೆರೆಯ ದಂಡೆ ಹಿಡಿದು ಬಸ್ ಸ್ಟಾಪಿಗೆ ನಡೆಯುವುದು ರೂಢಿಯಾಯಿತು. ಉಳಿದವರ ಮೇಲೆ ಸಿಡಿಯುವ ಆನಂದ್ ಅವಳ ಜೊತೆ ಮಾತ್ರ ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿಟ್ಟು ಮಾತಾಡುತ್ತಿದ್ದ. ದಂಡೆಯ ಮೇಲಿನ ಹಣ್ಣಿನ ಗಾಡಿಯ ಬಾಲಮ್ಮ ಕತ್ತರಿಸಿ, ಉಪ್ಪುಕಾರ ಹಾಕಿ ಕೊಟ್ಟ ಹಣ್ಣನ್ನು ಎತ್ತಿ ಹಿಡಿದು ಕೇಳುತ್ತಿದ್ದ:

"ಇದು?"

ಅವಳು ತಲೆಯಾಡಿಸಬೇಕು, ಗೊತ್ತಿಲ್ಲ ಎಂದು.

"ಸೀಬೆಕಾಯಿ."

"ಸೀ... ಬೆ?"

"ಸೀಬೆಕಾಯಿ. ನೀವು ಏನಂತೀರಿ?"

"ಕೊಯ್ಯಾ."

"ಕೊಯ್ಯಾ," ಎಂದ ಅವನು ಪ್ರಾರ್ಥನೆ ಹೇಳುವವನಂತೆ. "ಕೊಯ್ಯಾ. ಚೆನ್ನಾಗಿದೆ."

ಬಾಲಮ್ಮ ಮರ್ಫಿ ಟೌನಿನ ತಮಿಳಮ್ಮ. ಅವಳು ಇಬ್ಬರನ್ನೂ ನೋಡಿ ನಕ್ಕು, "ಇನ್ನಾ ಸಾರ್, ವಾದ್ಯಾರ್ ಯಾರು, ಪುಳ್ಳೈ ಯಾರು?" ಎಂದಳು. ಯಾರು ಮೇಷ್ಟ್ರು, ಯಾರು ಮಗು ಎಂಬ ಮಾತು. ಬೀದಿಯಲ್ಲಿ ಆಡುತ್ತ ಅಷ್ಟಿಷ್ಟು ತಮಿಳು ಕಲಿತಿದ್ದ ವೇದಾ ಅರ್ಥ ಹೇಳಿದಾಗ ಆನಂದ್ ತಲೆ ತಗ್ಗಿಸಿ ಬಾಯಿ ತುಂಬ ನಕ್ಕ. ಆ ನಗುವಿನಲ್ಲಿ ಅವನ ಹುಬ್ಬು ಎಷ್ಟು ಮೆತ್ತಗಾಗುತ್ತಿತ್ತೆಂದರೆ, ಬೆರಳಿಟ್ಟು ಸವರಬೇಕೆನಿಸುತ್ತಿತ್ತು. ಸವರಬೇಕೆನಿಸಿದ ಮರುಕ್ಷಣವೇ ನಾಚಿಕೆ. ಈ ನಗು ನನ್ನದಲ್ಲ. ಇಲ್ಲದ ಯಾವಳೋ ಒಬ್ಬಳಿಗೆ ಕೊಡುತ್ತಿದ್ದಾನೆ. ನಾನು ನಡುವೆ ನಿಂತು ಕದಿಯುತ್ತಿದ್ದೇನೆ.

ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು, 'ಸೀಬೆಕಾಯಿ' ಎಂದಳು. ತನ್ನ ಬಾಯಿಗೇ ಉಗಿಯಬೇಕೆನಿಸಿತು.

ಜಹನಾರಾ ಬಲು ಬೇಗ ಕಂಡುಹಿಡಿದಳು. ಹಲಸೂರು ಬಜಾರಿನಲ್ಲಿ ಆಟೋದವನೊಬ್ಬ ವೇದಾಳ ಕಾಲ ಮೇಲೆ ಗಾಡಿ ಹತ್ತಿಸಲು ಬಂದಾಗ ಅವಳು ಬೈದ ಬೈಗುಳ ಬೀದಿಯ ಆಚೆ ಬದಿಯಲ್ಲಿದ್ದ ಜಹನಾರಾಳಿಗೂ ಕೇಳಿಸಿತ್ತು.

"ಅರೆ, ಏನ್ ಕನ್ನಡಾ ಅದು," ಎಂದಳು ಜಹನಾರಾ, ತೋಳು ಹಿಡಿದು ಪಕ್ಕಕ್ಕೆಳೆದು. "ಅವನ ಅಜ್ಜಿ ತನಕ ಹೋಗ್ಬಿಟ್ಟೆ. ತಮಿಳೋರು ಹಿಂಗೆ ಬೈತಾರಾ?"

ವೇದಾ ಎಲ್ಲವನ್ನೂ ಹೇಳಿದಳು. ಕಣ್ಣು ತುಂಬಿತು.

"ಯಾರಿಗೂ ಹೇಳಲ್ಲ ಬಿಡು. ಆದ್ರೆ ನೀನು ಹೇಳ್ಬಿಡು ಅವ್ರಿಗೆ."

"ಎದ್ದು ಹೋಗಿ ಅಂತಾರೆ."

"ಪರೀಕ್ಷೆಗಾ ಭಯ? ಟ್ಯೂಷನ್ ಬೇರೆ ಕಡೆ ಸಿಗ್ತದೆ."

ವೇದಾ ಅಲ್ಲವೆಂದು ತಲೆಯಾಡಿಸಿದಳು. ಜಹನಾರಾ ಅವಳ ಮುಖ ನೋಡಿದಳು. "ಹಾಯ್ ಅಲ್ಲಾ," ಎಂದಳು ಮೆಲ್ಲಗೆ. "ಹಂಗಾ ಸಮಾಚಾರ."

*

ಪರೀಕ್ಷೆಗೆ ಇನ್ನೊಂದು ವಾರವಿತ್ತು. ಪಾಠವೂ ಅಲ್ಲಿಗೆ ಮುಗಿಯುತ್ತಿತ್ತು. ಈ ಭಾನುವಾರ ಹೇಳಿಯೇ ತೀರುತ್ತೇನೆ ಎಂದು ವೇದಾ ಗಟ್ಟಿಮನಸ್ಸು ಮಾಡಿದ್ದಳು. ಹಿಂದಿನ ದಿನ ಸಂಜೆ, ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಗೇಟಿನ ಸದ್ದಾಯಿತು. ಅಮ್ಮ ಹೋದರು. ಯಾರೋ ತಡವರಿಸಿ ತಡವರಿಸಿ ತಮಿಳಿನಲ್ಲಿ ಏನೋ ಕೇಳುತ್ತಿದ್ದರು. ಒಗ್ಗರಣೆಯ ಚಟಪಟದಲ್ಲಿ ದನಿ ಸ್ಪಷ್ಟವಾಗಲಿಲ್ಲ.

"ಯಾರಪ್ಪಾ?" ಎಂದರು ಅಮ್ಮ. "ನಮಗೆ ತಮಿಳು ಅಷ್ಟಾಗಿ ಬರಲ್ಲ. ನಿಮಗೆ ಕನ್ನಡ ಬರಲ್ವಾ?"

ವೇದಾ ಸೌಟು ಹಿಡಿದೇ ಕೂಗಿದಳು: "ಅಮ್ಮಾ, ಗ್ಯಾಸಿನವನಾದ್ರೆ ಹಿಂದ್ಗಡೆ ಬಾಗ್ಲಿಗೆ ಬಾ ಅನ್ನು. ಹೋದ ಸಲ ಮುಂದಿನಿಂದ ತಂದು ಹೊಸ್ತಿಲ ರಂಗೋಲಿಯೆಲ್ಲಾ ಹಾಳು ಮಾಡಿದ್ದ. ಚೆನ್ನಾಗಿ ಹೇಳಿಬಿಡು, ಸುಮ್ನೆ ಅವನ ಜೊತೆ ಮಾತು ಬೆಳೆಸ್ಕೊಂಡು ನಿಂತ್ಕೋಬೇಡ."

ಒಲೆ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದಳು.

ಆನಂದ್ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರಟು. ಎಣ್ಣೆ ಹಚ್ಚಿ ಬಾಚಿದ ತಲೆ. ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದ ಅಕ್ಷರಗಳು ಬೆವರಿಗೆ ಕಲೆಸಿಹೋಗಿದ್ದವು. ಕಲೆಸಿದ್ದರೂ ವೇದಾ ಓದಿದಳು. ಅವನೇ ಕಲಿಸಿದ ಅಕ್ಷರ. ಕನ್ನಡ ಅಕ್ಷರದಲ್ಲಿ ಬರೆದ ತಮಿಳು: 'ವಣಕ್ಕಂ ಅಮ್ಮಾ. ನಾನ್ ವೇದಾವೋಡ ವಾದ್ಯಾರ್.'

ಅವನು ಅಂಗೈ ಮುಚ್ಚಿಕೊಂಡ.

"ಇವರಿಗೆ ಕನ್ನಡ ಬರಲ್ಲ ಅನ್ಸುತ್ತೆ ಕಣೇ," ಎಂದರು ಅಮ್ಮ.

"ಬರುತ್ತಮ್ಮ," ಎಂದ ಆನಂದ್, ಸುಭದ್ರಮ್ಮನ ಕಡೆ ಮಾತ್ರ ನೋಡುತ್ತ. "ಸಂಘದ ಪುಸ್ತಕದಲ್ಲಿ ವಿಳಾಸ ಇತ್ತು. ಪರೀಕ್ಷೆ ಕೇಂದ್ರ ಬದಲಾಗಿದೆ. ಪೇಪರಿನಲ್ಲಿ ಬಂದಿದೆ. ನೋಡಿಕೊಳ್ಳೋಕೆ ಹೇಳಿ. ನಿಮ್ಮ ಮಗಳ ಕನ್ನಡ ಬಹಳ ಚೆನ್ನಾಗಿದೆ. ಅವರು ಪಾಠಕ್ಕೆ ಬರೋ ಅಗತ್ಯವೇ ಇರಲಿಲ್ಲ."

"ಸರ್," ಎಂದಳು ವೇದಾ.

ಅವನು ಗೇಟನ್ನು ಸದ್ದಾಗದ ಹಾಗೆ ಮೆಲ್ಲಗೆ ಹಾಕಿಕೊಂಡು ಹೋದ. ಬಡಿದು ಹೋಗಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

*

ಮರುದಿನ ಹೋಗದೆ ಇರಬಹುದಿತ್ತು. ಹೋದಳು. ಹೋಗದಿದ್ದರೆ ಮುಖ ಮುಚ್ಚಿಕೊಂಡ ಹಾಗೆ. ಇನ್ನೆಷ್ಟು ಮುಚ್ಚುವುದು.

ಆನಂದ್ ಎಲ್ಲರಿಗೂ ಪಟ್ಟಿ ಹಂಚಿದ. ಅವಳನ್ನು ದಾಟಿ ಪಕ್ಕದವರಿಗೆ ಕೊಟ್ಟ. ಬೈಯಲಿಲ್ಲ, ಎದ್ದು ಹೋಗಿ ಎನ್ನಲಿಲ್ಲ. ಖಾಲಿ ಕುರ್ಚಿಯನ್ನು ದಾಟುವ ಹಾಗೆ ದಾಟಿದ. ಜಹನಾರಾ ಅವಳ ಮೊಣಕಾಲನ್ನು ಒತ್ತಿ ಎದ್ದು ಹೋದಳು.

ಸಾಲು ನಿಂತಿತು. ಕೇರಳದ ಪಶುವೈದ್ಯರೊಬ್ಬರು ಮೊದಲ ಜಾಗದಲ್ಲಿ ನಿಂತು ಓದಿದರು: 'ಬೀಗದ ಕೈ ಸೊಸೆಯ ಬಳಿ ಇದೆ ಎಂದು ಅವರು ತಿಳಿದಿದ್ದರು.' ಆಮೇಲಿನವರು: 'ಸಂಜೆ ಇಬ್ಬರೂ ಹೊಸ್ತಿಲ ಮೇಲೆ ಕುಳಿತು ಒಬ್ಬರನ್ನೊಬ್ಬರು ಬೈದರು.' ಮತ್ತೊಬ್ಬರು: 'ಸೊಸೆಯೋ, ಅದು ಅತ್ತೆಯ ಬಳಿ ಇದೆ ಎಂದುಕೊಂಡು ಆಗಲೇ ಮಾರ್ಕೆಟ್ಟಿಗೆ ಹೋಗಿದ್ದಳು.' ಕೊನೆಗೆ ಜಹನಾರಾ: 'ಅತ್ತೆ ಬೀಗ ಒತ್ತಿ ಹಾಕಿ ದೇವಸ್ಥಾನಕ್ಕೆ ಹೊರಟರು.'

"ಸರಿ ಇದೆಯಾ?" ಎಂದ ಆನಂದ್. ದನಿಯಲ್ಲಿ ಜೀವವಿರಲಿಲ್ಲ.

ಯಾರಿಗೂ ಗೊತ್ತಾಗಲಿಲ್ಲ. ಒಬ್ಬರು ಆಚೆ ಹೋದರು, ಒಬ್ಬರು ಈಚೆ ಬಂದರು. ಇನ್ನೂ ಕೆಟ್ಟಿತು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ವೇದಾ ಎದ್ದಳು.

"ಜಹನಾರಾ, ನೀನು ಮೊದಲು ಬಾ. ಯಾರು ಏನು ಮಾಡಿದ್ರು ಅನ್ನೋದು ನಿನ್ನ ಚೀಟೀಲಿದೆ. ಡಾಕ್ಟ್ರೇ, ನಿಮ್ಮ 'ಅವರು' ಅಂದ್ರೆ ಅತ್ತೆ, ಅದಕ್ಕೆ ನೀವು ಅವಳ ಹಿಂದೆ ನಿಂತ್ಕೊಳ್ಳಿ. ಸೊಸೆ ಆಮೇಲೆ. ಜಗಳ ಕಟ್ಟಕಡೆಗೆ. ಅತ್ತೆ ಹೋಗಿದ್ದು ಮೊದಲು, ಬೈದಾಡಿದ್ದು ಆಮೇಲೆ. ಬೈದದ್ದು ಮೊದಲು ಬಂದ್ರೆ, ಯಾಕೆ ಬೈತಿದಾರೆ ಅಂತ ಯಾರಿಗೆ ಗೊತ್ತಾಗುತ್ತೆ?"

ಒಂದು ಕಡೆಯೂ ತೊದಲದ, ಬೆಣ್ಣೆಯಂಥ ಬೆಂಗಳೂರು ಕನ್ನಡ. ಸಾಲಿನಲ್ಲಿದ್ದವರು ಕದಲದೆ ನೋಡಿದರು.

"ನನ್ನ ಮನೆ ಮಾತು ಕನ್ನಡ," ಎಂದಳು ವೇದಾ. "ಓದೋಕೆ ಬರೆಯೋಕೆ ಬರ್ತಿರಲಿಲ್ಲ. ಮೊದಲ ದಿನ ಸುಳ್ಳು ಹೇಳಿದೆ, ಆಮೇಲೂ ಹೇಳ್ತಾ ಬಂದೆ. ನಿಮ್ಮೆಲ್ಲರ ಮುಂದೆ ತೊದಲಿದ್ದು ನಾಟಕ. ನನಗೆ ನನ್ನ ಮೇಲೇ ಅಸಹ್ಯ ಆಗಿದೆ. ಕ್ಷಮಿಸಿ."

ಮೆಟ್ಟಿಲಿಳಿಯುವಾಗ ಹಿಂದಿನಿಂದ ಹೆಜ್ಜೆ ಸದ್ದು ಬರಬಹುದೆಂದು ಕಾದಳು. ಯಾರೂ ಬರಲಿಲ್ಲ.

*

ಪರೀಕ್ಷೆ ಬರೆದಳು. ಚೆನ್ನಾಗಿಯೇ ಬರೆದಳು. ಪ್ರತಿ ಅಕ್ಷರ ಬರೆಯುವಾಗಲೂ ಅದರ ಕೆಳಗೆ ಅವನ ಬೆರಳು ಇದ್ದ ಹಾಗೆ ಕಂಡಿತು. ಹೊರಗೆ ಬಂದವಳು ಮನೆಗೆ ಹೋಗುವ ಬೆನ್ಸನ್ ಟೌನಿನ ಬಸ್ಸು ಬಿಟ್ಟು ಗರುಡಾಚಾರ್‌ಪಾಳ್ಯದ ಬಸ್ಸು ಹತ್ತಿದಳು. ಬೋರ್ಡನ್ನು ಓದಿಯೇ ಹತ್ತಿದಳು.

ಅಲ್ಲಿ ಆಗಿನ್ನೂ ಶೆಡ್ಡುಗಳ ನಡುನಡುವೆ ಸೊಪ್ಪಿನ ಮಡಿಗಳಿದ್ದವು. ಒಂದು ಕಡೆ ಲೇತ್ ಯಂತ್ರದ ಸದ್ದು, ಗೋಡೆಯಾಚೆ ಹಸು. ವಿಚಾರಿಸಿಕೊಂಡು ಹೋದಾಗ ಆನಂದ್ ಬೋರ್‌ವೆಲ್ಲಿನ ಪಕ್ಕದಲ್ಲಿ ಮೋಟಾರು ಬಿಚ್ಚಿ ಕೂತಿದ್ದ. ಮೊಣಕೈವರೆಗೂ ಗ್ರೀಸು. ಅವಳನ್ನು ನೋಡಿ ಎದ್ದ.

ಒಳಗಿನಿಂದ ಅವನ ತಾಯಿ ಗಂಗಲಕ್ಷ್ಮಮ್ಮ ಯಾರು ಬಂದಿರುವುದೆಂದು ಕೇಳಿದರು: "ಎವುರ್ರಾ ವಚ್ಚಿಂಡೇದಿ?"

"ತೆಲಿಸಿನ ವಾಳ್ಳೇ ಅಮ್ಮಾ," ಎಂದ ಆನಂದ್, ಯೋಚಿಸದೆ. ಗೊತ್ತಿರುವವರೇ ಎಂಬ ಮಾತು.

ಹೇಳಿದ ಮೇಲೆ ಅವನಿಗೆ ಅರಿವಾಯಿತು. ಮುಖದ ಬಣ್ಣ ಬದಲಾಯಿತು. ವೇದಾ ಅವನನ್ನೇ ನೋಡುತ್ತಿದ್ದಳು.

"ಹೌದು. ಮನೇಲಿ ತೆಲುಗು," ಎಂದ, ಬಟ್ಟೆಯಲ್ಲಿ ಕೈ ತಿಕ್ಕುತ್ತ. "ಈ ಕಡೆ ಹಳ್ಳಿಗಳಲ್ಲಿ ಬಹಳ ಮನೆ ಹೀಗೇ. ಕನ್ನಡ ಕಲಿತದ್ದು ಶಾಲೇಲಿ. ನಡುವೆ ತೆಲುಗು ಬಂದ್ರೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸ್ತಿದ್ರು, ಉಳಿದ ಹುಡುಗರ ಕೈಲಿ ನಗಿಸ್ತಿದ್ರು. ಏಟು ತಿಂದು ಕಲಿತೆ. ಅದಕ್ಕೇ ಏಟು ತಿನ್ನದೇ ಸಿಕ್ಕಿದ್ದನ್ನ ಬಿಟ್ಟವರನ್ನ ಕಂಡ್ರೆ ನನಗೆ ಮೈ ಉರೀತದೆ. ಹೇಳಿ, ನಗೋದಿದ್ರೆ ನಕ್ಕುಬಿಡಿ."

"ನಗೋಕೆ ಬಂದಿಲ್ಲ."

"ಇಷ್ಟು ದಿನ ನಕ್ಕಿರ್ತೀರಿ ಬಿಡಿ. ಸೀಬೆಕಾಯಿ ತೋರಿಸಿ ಸೀಬೆಕಾಯಿ ಅಂತ ಹೇಳಿಕೊಟ್ಟ ಪೆದ್ದ. ಕೊಯ್ಯಾ ಅಂತೆ. ಇಡೀ ವಾರ ಬಾಲಮ್ಮನ ಕಾಲು ಹಿಡಿದು ನಾಲ್ಕು ವಾಕ್ಯ ಕಲಿತು, ನಿಮ್ಮಮ್ಮನ ಮುಂದೆ ಒಪ್ಪಿಸಿದೆ. 'ಕನ್ನಡ ಬರಲ್ವಾ' ಅಂದ್ರು. ನನ್ನ ಜನ್ಮದಲ್ಲಿ ಅಂಥ ಮಾತು ಕೇಳಿರಲಿಲ್ಲ."

"ಒಂದು ಸಲಾನೂ ನಕ್ಕಿಲ್ಲ," ಎಂದಳು ವೇದಾ. "ನೀವು ಸೀಬೆಕಾಯಿ ಅಂದಾಗ, ಆ ಹಣ್ಣಿಗೆ ಒಂದು ಹೆಸರಿದೆ ಅಂತ ಆಗಲೇ ಗೊತ್ತಾದ ಹಾಗಿರ್ತಿತ್ತು ನನಗೆ. ನಾಟಕ ಮಾಡಿದ್ದು ನಾಲಿಗೆ. ಕೇಳಿಸಿಕೊಳ್ತಿದ್ದದ್ದು ನಾಟಕ ಅಲ್ಲ."

ಅವನು ಮೋಟಾರಿನ ಕಡೆ ನೋಡಿದ.

"ಆದ್ರೆ ಒಂದು ಹೇಳ್ಬೇಕು," ಎಂದಳು. "ನೀವು ಇದನ್ನ ತಪ್ಪಾಗಿ ಜೋಡಿಸಿದೀರಿ. ನಿಮ್ಮ ಲೆಕ್ಕದಲ್ಲಿ ನನ್ನ ಸುಳ್ಳು ಮೊದಲು, ಆಮೇಲೆ ನಿಮ್ಮ ಪೆದ್ದುತನ, ಆಮೇಲೆ ನನ್ನ ನಗು. ನನ್ನ ಸುಳ್ಳು ಮೊದಲಲ್ಲ. ಅದಕ್ಕಿಂತ ಮುಂಚೆ ವಿಕ್ರಮ್ ಮೆಟ್ಟಿಲಿಳಿದು ಹೋದ. ನಿಜ ಹೇಳಿದ್ದಕ್ಕೆ ಹೋದ. ಅದು ಆದ ಮೇಲೆ ನೀವು ನನ್ನ ಕಡೆ ತಿರುಗಿ 'ನೀವು?' ಅಂದ್ರಿ."

ಹುಬ್ಬು ಮೇಲೇಳುತ್ತದೆಂದು ಕಾದಳು. ಏಳಲಿಲ್ಲ.

"ಇದರಿಂದ ನನ್ನ ತಪ್ಪು ಚಿಕ್ಕದಾಗಲ್ಲ," ಎಂದಳು. "ಮೊದಲನೇ ದಿನ ಹೆದರಿ ಹೇಳಿದೆ. ಆಮೇಲೆ ಹೆದರಿಕೆಯಿಂದ ಅಲ್ಲ. ನೀವು ಬೇರೆ ಯಾರ ಜೊತೇನೂ ಹಾಗೆ ಮಾತಾಡ್ತಿರಲಿಲ್ಲ. ನಿಜ ಹೇಳಿದ್ರೆ ಅದು ಹೋಗಿಬಿಡುತ್ತೆ ಅಂತ ಆಸೆಗೆ ಬಿದ್ದು ಮುಂದುವರಿಸಿದೆ. ಹೇಳೋಕೆ ಇದಕ್ಕಿಂತ ನಾಚಿಕೆಗೇಡಿನದು ನನ್ನ ಹತ್ರ ಇನ್ನೇನೂ ಇಲ್ಲ."

ಹಸು ತಲೆಯಾಡಿಸಿ ಗಂಟೆಯ ಸದ್ದು ಮಾಡಿತು.

"ವಿಕ್ರಮನ ಮನೆಗೆ ಹೋಗಿದ್ದೆ," ಎಂದ ಕೊನೆಗೆ. "ನೀವು ಕ್ಲಾಸಲ್ಲಿ ಎದ್ದು ಹೇಳಿ ಹೋದ್ರಲ್ಲ, ಅವತ್ತೇ ಮಧ್ಯಾಹ್ನ. ಹೊರಗಿಂದಾನೇ ಬೈದು ಕಳಿಸ್ತಾನೆ ಅಂದ್ಕೊಂಡಿದ್ದೆ. ಒಳಗೆ ಕರೆದು ಕೂರಿಸಿದ. ಬೇರೆ ಕಡೆ ಟ್ಯೂಷನ್ ಸಿಕ್ತು ಸರ್, ತೊಂದರೆ ಆಗಲಿಲ್ಲ ಅಂದ. ಕಾಫಿ ಕೊಟ್ಟ. ಆ ಕಾಫಿ ನನ್ನ ಗಂಟಲಲ್ಲಿ ಇಳೀಲಿಲ್ಲ ಕಣ್ರೀ. ಮೇಷ್ಟ್ರು ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೂ, ನಾನು ಅವನನ್ನ ಬಾಗಿಲ ಹೊರಗೆ ನಿಲ್ಲಿಸಿದ್ದಕ್ಕೂ ಏನು ವ್ಯತ್ಯಾಸ? ನಿಮ್ಮ ಹತ್ರ ಬರಬೇಕು ಅಂತ ಬಸ್ ಸ್ಟಾಪಿಗೆ ಹೋದೆ. ಬಸ್ಸು ಬಂತು. ಹತ್ತೋ ಧೈರ್ಯ ಆಗಲಿಲ್ಲ. ಬರೋ ದಾರೀಲೆಲ್ಲ ನಾಚಿಕೆ ಅನ್ನೋದು ಇರಬೇಕು ಅಂತ ನಾನೇ ಹೇಳಿದ ಮಾತು ತಲೇಲಿತ್ತು."

"ನಾನು ಹತ್ತಿ ಬಂದೆನಲ್ಲ."

"ಅದೇ ನೋಡ್ತಿದೀನಿ." ಅವನು ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಅಪರಿಚಿತರನ್ನು ನೋಡುವಂತೆ, ಆದರೆ ಬಿಟ್ಟುಹೋಗಲು ಮನಸ್ಸಿಲ್ಲದವನಂತೆ. "ನೀವು ಇಷ್ಟು ಮಾತಾಡ್ತೀರಿ ಅಂತ ಗೊತ್ತೇ ಇರಲಿಲ್ಲ."

"ಇನ್ನೂ ಜಾಸ್ತಿ ಮಾತಾಡ್ತೀನಿ. ಬೈಯೋಕೂ ಬರುತ್ತೆ. ಆಟೋದವರು ಹೆದರ್ತಾರೆ."

ಅವನ ತುಟಿಯ ಮೂಲೆ ಸಣ್ಣಗೆ ಅಲುಗಿತು. "ಹಾಗಿದ್ರೆ ನಾನು ಯಾರನ್ನ..." ಎಂದು ನಿಲ್ಲಿಸಿದ. "ನಾನು ಇಷ್ಟಪಟ್ಟದ್ದು ಯಾರನ್ನ ಅಂತ ನನಗೇ ಗೊತ್ತಾಗ್ತಿಲ್ಲ."

ಇಷ್ಟಪಟ್ಟದ್ದು ಎಂದ. ಬೇರೇನೋ ಹೇಳುವ ನಡುವೆ, ಗ್ರೀಸು ಕೈಯಲ್ಲಿ, ಎಂದುಬಿಟ್ಟ.

"ನನಗೆ ಗೊತ್ತು," ಎಂದಳು. "ಪುರುಸೊತ್ತಾಗಿ ತಿಳ್ಕೊಳ್ಳಿ. ನಾನೆಲ್ಲೂ ಹೋಗಲ್ಲ."

ಗಂಗಲಕ್ಷ್ಮಮ್ಮ ಸೊಪ್ಪಿನ ಮೊರ ಹಿಡಿದು ಹೊರಗೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಮಗನಿಗೆ ತೆಲುಗಿನಲ್ಲಿ ಉದ್ದಕ್ಕೆ ಏನೋ ಕೇಳಿದರು. ಅವನು ತಲೆ ತಗ್ಗಿಸಿದ.

"ಏನಂತಿದಾರೆ?" ಎಂದಳು ವೇದಾ.

"ಊಟ ಮಾಡ್ತೀಯಾ ಅಂತ."

"ಅಷ್ಟಕ್ಕೆ ಅಷ್ಟುದ್ದ ಬೇಕಾ?"

"ಮದುವೆ ಆಗಿದೆಯಾ ಅಂತಾನೂ."

ವೇದಾ ಗಂಗಲಕ್ಷ್ಮಮ್ಮನ ಕಡೆ ತಿರುಗಿದಳು. "ಇಲ್ಲಮ್ಮ, ಆಗಿಲ್ಲ. ಯಾರೂ ಕೇಳಿಲ್ಲ."

ಗಂಗಲಕ್ಷ್ಮಮ್ಮನಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಮೊರವನ್ನು ಕಟ್ಟೆಯ ಮೇಲಿಟ್ಟರು. "ಕೇಳೋದಿದ್ರೆ ಬಿರ್ನೆ ಕೇಳೋ. ಸೊಪ್ಪು ಬಾಡ್ತದೆ," ಎಂದು ಕನ್ನಡದಲ್ಲೇ ಹೇಳಿ ಒಳಗೆ ಹೋದರು.

"ನಿಮ್ಮ ಮನೇಲಿ ಒಪ್ಪಲ್ಲ," ಎಂದ ಆನಂದ್. "ನಮ್ಮ ಜಾತಿ ಬೇರೆ. ನಾನು ಓದಿರೋದೂ ಕಡಿಮೆ."

"ಅಪ್ಪ ಕೋಪ ಮಾಡ್ಕೋತಾರೆ. ಅಮ್ಮ ಅಳ್ತಾರೆ. ನಾನು ಅವರ ಮುಂದೆ ನಿಂತು ನಿಜ ಹೇಳ್ತೀನಿ. ಕೋಪದವರ ಎದುರು ನಿಜ ಹೇಳೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಗಿದೆ, ಮಾಡಬಹುದು ಅಂತಾನೂ ಗೊತ್ತಾಗಿದೆ."

ಅವನು ಕೈ ಒರೆಸುತ್ತಲೇ ಇದ್ದ. ಕೈಯಲ್ಲಿ ಒರೆಸಲು ಇನ್ನೇನೂ ಉಳಿದಿರಲಿಲ್ಲ. ಹುಬ್ಬು ಗಂಟಿಕ್ಕಿ, ಮೊದಲ ದಿನ ಬೈದದ್ದಕ್ಕಿಂತ ಗಟ್ಟಿ ದನಿಯಲ್ಲಿ, ಜಗಳಕ್ಕೆ ಬಂದವನ ಹಾಗೆ ಕೇಳಿದ:

"ಮದುವೆ ಆಗ್ತೀರೇನ್ರೀ ನನ್ನ?"

ಪಕ್ಕದ ಶೆಡ್ಡಿನ ಲೇತ್ ಯಂತ್ರ ನಿಂತಿತು. ಅಲ್ಲಿಂದ ಯಾರೋ ತಲೆ ಹೊರಹಾಕಿ ನೋಡಿದರು. ಆನಂದ್ ನಾಚಿ ಕುತ್ತಿಗೆಯವರೆಗೂ ಕಪ್ಪುಕೆಂಪಾದ. ವೇದಾಳಿಗೂ ನಾಚಿಕೆಯಾಯಿತು. ಆದರೂ ಅವಳು ತಲೆ ತಗ್ಗಿಸಲಿಲ್ಲ.

"ಹೂಂ," ಎಂದಳು, ಆ ಶೆಡ್ಡಿನವರಿಗೂ ಕೇಳಿಸುವ ಹಾಗೆ.